ಬಂಡೆಯೊಳಗಿನ ಲೋಹ, ಬೋರಿನೊಳಗಿನ ನೀರು

ಬೋರಿನ ನೀರಿನ ವರದಿಯಲ್ಲಿ ಮ್ಯಾಂಗನೀಸ್, ಆರ್ಸೆನಿಕ್, ಯುರೇನಿಯಂ ಎಂಬ ಹೆಸರು ಕಂಡೊಡನೆ ‘ಇದು ಯಾವ ಕಾರ್ಖಾನೆಯ ಹೊಲಸು?’ ಎಂದು ಕೇಳುವವರೇ ಹೆಚ್ಚು. ಕಾರ್ಖಾನೆಯ ಹೊಗೆ ಕಾಣದ ಊರಲ್ಲೂ ಇವು ಇರುತ್ತವೆ. ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುವ ಇವು ಲೇಶಲೋಹಗಳು. ಮನುಷ್ಯನ ಕೈವಾಡವಿಲ್ಲದೆ ಒಂದು ಸೀಮೆಯ ನೀರಿನಲ್ಲಿ ಇವು ಇರುವ ಪ್ರಮಾಣ ಹಿನ್ನೆಲೆ ಮಟ್ಟ. ಅದು ಒಂದೇ ಅಂಕಿಯಲ್ಲ. ಬಂಡೆ ಬದಲಾದಂತೆ ಅದೂ ಬದಲಾಗುತ್ತದೆ.

ಸವದತ್ತಿ ಬಳಿಯ ಉಗರಗೋಳದ ಸುತ್ತಲಿನ ಗುಡ್ಡಗಳ ಗಡುಸು ಕಲ್ಲು ಕಲಾದಗಿ ಶಿಲಾಸಮೂಹದ ಕ್ವಾರ್ಟ್ಜೈಟ್. ಭೂವಿಜ್ಞಾನಿಗಳು ಇದಕ್ಕೆ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ, ಇದು ಸೇರಿದ ಸ್ತರಕ್ಕೆ ರಾಮದುರ್ಗದ ಹೆಸರನ್ನು. ಎಲ್ಲಮ್ಮನ ಗುಡ್ಡ ಹತ್ತುವ ಪ್ರತಿಯೊಬ್ಬರಿಗೂ ಇದನ್ನು ಹೇಳಬೇಕೆನಿಸುತ್ತದೆ! ಬಹುಪಾಲು ಸಿಲಿಕಾ ಆಗಿರುವ ಈ ಕಲ್ಲಿನಲ್ಲಿ ಲೋಹ ಕಡಿಮೆ. ಪಶ್ಚಿಮದ ಕರಿ ಬಸಾಲ್ಟಿನಲ್ಲಿ ತಾಮ್ರ, ಸತು ಹೆಚ್ಚು. ಬೈಲಹೊಂಗಲ ಸೀಮೆಯ ದೇಶನೂರಿನ ಬಳಿ ಮರಳುಗಲ್ಲಿನಲ್ಲಿ ಯುರೇನಿಯಂ ಪತ್ತೆಯಾಗಿದೆ.

ಹಾಗಾದರೆ ಬಂಡೆಯಲ್ಲಿ ಇದ್ದದ್ದೆಲ್ಲ ನೀರಿಗೆ ಬರುತ್ತದೆಯೇ? ಹೆಚ್ಚು ಜನ ಎಡವುವುದು ಇಲ್ಲಿಯೇ.

ಕಬ್ಬಿಣವನ್ನು ನೋಡಿ. ಭೂಮಿಯ ತೊಗಟೆಯ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಅದೇ ಇದೆ. ಆದರೂ ಗಾಳಿಯಾಡುವ ತೆರೆದ ಬಾವಿಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ; ಆಮ್ಲಜನಕ ಇರುವಲ್ಲಿ ಕಬ್ಬಿಣ ತುಕ್ಕಾಗಿ ಕಲ್ಲಿಗೇ ಅಂಟಿರುತ್ತದೆ. ಆಳದಲ್ಲಿ ಆಮ್ಲಜನಕ ಮುಗಿದರೆ ಅದೇ ತುಕ್ಕು ಕರಗುತ್ತದೆ. ಬೋರಿನಿಂದ ತಿಳಿಯಾಗಿ ಬಂದ ನೀರು ಕೊಡದಲ್ಲಿ ಒಂದು ರಾತ್ರಿ ನಿಂತು ಕೆಂಪಗಾಗುವುದು ಇದಕ್ಕೇ: ಗಾಳಿ ಸೋಕಿ ಕಬ್ಬಿಣ ಮತ್ತೆ ತುಕ್ಕಾಯಿತು. ತುಕ್ಕು ಕರಗುವಾಗ ಅದು ಹಿಡಿದಿಟ್ಟುಕೊಂಡಿದ್ದ ಆರ್ಸೆನಿಕ್ ಕೂಡ ನೀರಿಗಿಳಿಯಬಹುದು.

ಯುರೇನಿಯಂ ನಡೆ ಇದಕ್ಕೆ ತಿರುವುಮುರುವು. ಆಮ್ಲಜನಕವಿಲ್ಲದಲ್ಲಿ ಅದು ಕಲ್ಲಿನಲ್ಲೇ ಉಳಿಯುತ್ತದೆ. ಆಮ್ಲಜನಕದ ಜೊತೆಗೆ ಬೈಕಾರ್ಬೊನೇಟ್ ಇದ್ದರೆ ಕರಗಿ ಹೊರಡುತ್ತದೆ. ಎರೆಭೂಮಿಯ ಸುಣ್ಣದ ಹರಳು ನೀರಿಗೆ ಬೈಕಾರ್ಬೊನೇಟ್ ಕೊಡುತ್ತದೆ. ಆದ್ದರಿಂದ ಬಂಡೆಯಲ್ಲಿ ಅತ್ಯಲ್ಪ ಯುರೇನಿಯಂ ಇದ್ದರೂ ನೀರಿನಲ್ಲಿ ಅದು ಹೆಚ್ಚಬಹುದು, ಬಂಡೆಯಲ್ಲಿ ಸಾಕಷ್ಟಿದ್ದರೂ ನೀರು ಶುದ್ಧವಾಗಿರಬಹುದು. ದೇಶನೂರಿನ ಹೆಸರು ಕೇಳಿ ಗಾಬರಿಯಾಗುವುದೂ ಸಲ್ಲ, ನಿಸರ್ಗದ್ದೇ ತಾನೆ ಎಂದು ಸುಮ್ಮನಿರುವುದೂ ಸಲ್ಲ. ಕುಡಿಯುವ ನೀರಿನ ಲೀಟರಿನಲ್ಲಿ ಯುರೇನಿಯಂ 30, ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೂಲ ಯಾವುದೆಂದು ಕೇಳುವುದಿಲ್ಲ.

ಸತು ಹೆಚ್ಚಿದೆ ಎಂದು ವರದಿ ಬಂದರೆ ಮೊದಲು ಬೋರಿನ ಪೈಪು ನೋಡಿ. ಸತುವಿನ ಲೇಪವಿದ್ದರೆ ಅದು ಬಂಡೆಯದ್ದಾಗಿರಲಿಕ್ಕಿಲ್ಲ.

ಸವದತ್ತಿ, ಬೈಲಹೊಂಗಲದ ಕಾಲೇಜುಗಳ ರಸಾಯನಶಾಸ್ತ್ರ ವಿದ್ಯಾರ್ಥಿಗಳು ತಮ್ಮ ಸೀಮೆಯ ಹಿನ್ನೆಲೆ ಮಟ್ಟ ಅಳೆಯುವ ಕೆಲಸಕ್ಕೆ ಇಳಿಯಬೇಕು. ಒಂದೇ ಬಗೆಯ ಬಂಡೆಯ ಹಲವು ಬಾವಿಗಳನ್ನು ಆರಿಸಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅದೇ ಬಾವಿಗಳ ನೀರು ಹಿಡಿಯಿರಿ. ನೈಟ್ರೇಟ್ ಹೆಚ್ಚಿರುವ ಬಾವಿಗೆ ಗೊಬ್ಬರವೋ ಚರಂಡಿಯೋ ಸೇರಿರುತ್ತದೆ. ಹಿನ್ನೆಲೆಯ ಲೆಕ್ಕದಿಂದ ಅದನ್ನು ಬಿಡಿ. ಪೈಪಿನಲ್ಲಿ ನಿಂತ ನೀರು ಹರಿದುಹೋಗಲಿ, ಆಮೇಲೆ ಸ್ಥಳದಲ್ಲೇ ಸೋಸಿ ಶುದ್ಧ ನೈಟ್ರಿಕ್ ಆಮ್ಲದ ಹನಿ ಹಾಕಿ. ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿ, ಪ್ರಯೋಗಾಲಯ ಸುಳ್ಳು ಅಂಕಿ ಕೊಡುತ್ತದೆ.