ಮೂಲಿಕೆಗೆ ಒರೆಗಲ್ಲಿನ ಅಂಜಿಕೆಯೇಕೆ?

ಕಷಾಯದ ರುಚಿಯನ್ನರಿಯದೆ ಬೆಳೆದ ಮಗುವು ನಮ್ಮ ನಾಡಿನಲ್ಲಿ ವಿರಳ. ಆ ಅಭ್ಯಾಸಕ್ಕೆ ಈಗ ಹಸುರು ಚಹವೂ ಬಂದು ಸೇರಿದೆ. ಪೇಟೆಯ ಅಂಗಡಿಗಳಲ್ಲಿ ಅದರ ಪೊಟ್ಟಣಗಳು ಚೂರ್ಣ ಲೇಹ್ಯಗಳ ಪಕ್ಕದಲ್ಲಿಯೇ ಕುಳಿತಿವೆ. ಬೊಜ್ಜು ಕರಗುವುದೆಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಗಿಡದಿಂದ ಬಂದುದು ಕೇಡು ಮಾಡಲಾರದೆಂಬ ಭಾವನೆಯಂತೂ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಭಾವನೆಯನ್ನು ಕುರಿತು ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಮದ್ದಿನ ಗುಣವನ್ನು ನಿರ್ಣಯಿಸುವ ಮಾರ್ಗವು ಈಗ ಸ್ಪಷ್ಟವಾಗಿದೆ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಮದ್ದನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ನಿಸ್ಸತ್ತ್ವವಾದ ಗುಳಿಗೆಯನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಂದಿತೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಅವಧಿ ಮುಗಿದ ಬಳಿಕವೇ ಲೆಕ್ಕವನ್ನು ಬಿಚ್ಚುತ್ತಾರೆ. ತಾನಾಗಿಯೇ ಇಳಿದ ರೋಗದ ಕೀರ್ತಿಯನ್ನು ಮದ್ದಿಗೆ ಕಟ್ಟುವ ಪ್ರಮಾದವು ಇದರಿಂದ ತಪ್ಪುತ್ತದೆ.

ಹಸುರು ಚಹವು ಈ ಪರೀಕ್ಷೆಗೆ ನಿಂತಿದೆ. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಅದರಿಂದಾದ ದೇಹತೂಕದ ಇಳಿತವು ಗಣನೆಗೆ ಬಾರದಷ್ಟು ಅಲ್ಪವೆಂದು ಕಂಡಿತು. 2020ರಲ್ಲಿ ಅದೇ ಸಂಸ್ಥೆಯು 142 ಅಧ್ಯಯನಗಳನ್ನು ಶೋಧಿಸಿ, ಅದು ಕ್ಯಾನ್ಸರನ್ನು ತಡೆಯುವುದೆಂಬುದಕ್ಕೆ ಸ್ಥಿರವಾದ ಆಧಾರವನ್ನು ಕಾಣಲಿಲ್ಲ. ಅಮೇರಿಕದ ಮಿನೆಸೋಟಾ ಪ್ರಾಂತದಲ್ಲಿ 1,075 ಮಂದಿ ಸ್ತ್ರೀಯರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ, ಚಹದ ಗಟ್ಟಿಸಾರವನ್ನು ಸೇವಿಸಿದ ಪಂಗಡದಲ್ಲಿಯೇ ಯಕೃತ್ತಿನ ಪೀಡೆಯ ಸೂಚನೆಗಳು ಹೆಚ್ಚಾಗಿ ತೋರಿದವು. ಬಟ್ಟಲಿನ ಚಹ ಬೇರೆ, ಗುಳಿಗೆಯಲ್ಲಿ ತುಂಬಿದ ಸಾರ ಬೇರೆ ಎಂಬುದನ್ನು ವಾಚಕರು ಮರೆಯಬಾರದು. ಇಷ್ಟಾದರೂ ಪರೀಕ್ಷೆಯು ಚಹದ ವೈರಿಯಲ್ಲ. ಅದರ ಎಲೆಯಿಂದ ತೆಗೆದ ಒಂದು ಲೇಪವು ಗುಹ್ಯಭಾಗದ ನರಹುಲಿಗಳಿಗೆ ಗುಣಕಾರಿಯೆಂದು ಸಿದ್ಧವಾದುದರಿಂದ, ಅಮೇರಿಕದ ಸರಕಾರವು 2006ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು.

ಋಷಿಗಳು ಹೇಳಿದ ಮದ್ದಿಗೆ ಪರದೇಶದ ಪರೀಕ್ಷೆಯೇಕೆಂದು ಕೆಲವರು ಕೇಳಬಹುದು. ಅವರಿಗೆ ಸರ್ಪಗಂಧಿಯ ವೃತ್ತಾಂತವೇ ಉತ್ತರ. 1931ರಲ್ಲಿ ಕಲಕತ್ತೆಯ ಗಣನಾಥ ಸೇನ, ಕಾರ್ತಿಕಚಂದ್ರ ಬೋಸ ಎಂಬ ವೈದ್ಯರಿಬ್ಬರು ಅದು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು ಪ್ರಕಟಿಸಿದರು. ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಅದರ ಬೇರಿನಿಂದ ಬೇರ್ಪಡಿಸಿದ ಸತ್ತ್ವವೊಂದಕ್ಕೆ, ಕಾಂಗ್ರೆಸಿನ ಅಧ್ಯಕ್ಷರಾಗಿದ್ದ ಹಕೀಮ ಅಜಮಲ್ ಖಾನರ ಸ್ಮರಣಾರ್ಥವಾಗಿ ಅಜಮಲಿನ್ ಎಂದು ಹೆಸರಿಟ್ಟರು. ಮುಂಬಯಿಯ ರುಸ್ತುಂ ಜಾಲ್ ವಕೀಲರು 50 ಮಂದಿ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಹೃದ್ರೋಗಪತ್ರಿಕೆಯಲ್ಲಿ ಬರೆದ ಮೇಲೆಯೇ ಜಗತ್ತು ಆ ಬೇರಿನತ್ತ ತಿರುಗಿತು. ನಮ್ಮ ಮೂಲಿಕೆಗೆ ಕೀರ್ತಿಯನ್ನು ತಂದುದು ಜಯಕಾರವಲ್ಲ, ರೋಗಿಯ ಹಾಸಿಗೆಯ ಬಳಿಯಲ್ಲಿ ಬರೆದಿಟ್ಟ ಲೆಕ್ಕ. ಅದು ಕೆಲವರ ಮನಸ್ಸನ್ನು ಕುಗ್ಗಿಸುವುದೆಂಬ ದೋಷವನ್ನು ಮುಂದೆ ಕಂಡುಹಿಡಿದುದೂ ಅಂತಹ ಲೆಕ್ಕವೇ.

ಸೋಲಿನ ಲೆಕ್ಕವನ್ನೂ ಒಪ್ಪಿಕೊಳ್ಳುವ ಧೈರ್ಯ ಬೇಕು. ರಕ್ತದ ಕೊಬ್ಬನ್ನು ಇಳಿಸುವುದೆಂದು ನಮ್ಮಲ್ಲಿ ಹೆಸರು ಪಡೆದ ಗುಗ್ಗುಲವನ್ನು ಅಮೇರಿಕದ ಪೆನ್ಸಿಲ್ವೇನಿಯಾದಲ್ಲಿ 103 ಮಂದಿಯ ಮೇಲೆ ಎಂಟು ವಾರ ಪರೀಕ್ಷಿಸಿದಾಗ, ಕೆಟ್ಟ ಕೊಬ್ಬು ಇಳಿಯುವ ಬದಲು ತುಸು ಏರಿತೆಂದು 2003ರಲ್ಲಿ ಪ್ರಕಟವಾಯಿತು. ಇದಕ್ಕೆ ಕೋಪವು ಉತ್ತರವಲ್ಲ. ನಮ್ಮ ಜನರಲ್ಲಿ ಇನ್ನೂ ದೊಡ್ಡದಾದ ಪರೀಕ್ಷೆಯನ್ನು ನಡೆಸುವುದೇ ಉತ್ತರ.

ಪರೀಕ್ಷೆಯು ಪರಕೀಯವೆಂಬ ಮಾತೂ ನಿಜವಲ್ಲ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿಗಳೆಂದು ನಾಲ್ಕು ಪರೀಕ್ಷೆಗಳನ್ನು ಚರಕಸಂಹಿತೆಯೇ ಹೇಳಿದೆ. ಹಿರಿಯರ ಮಾತೊಂದನ್ನೇ ಹಿಡಿದು ಉಳಿದ ಮೂರನ್ನು ಕೈಬಿಡುವವರು ಚರಕನಿಗೂ ನಿಷ್ಠರಲ್ಲ.

ಮಧುಮೇಹವನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವುದು 1954ರ ಶಾಸನದಿಂದಲೇ ನಿಷಿದ್ಧ. ಆದರೂ ಅಂತಹ ಜಾಹೀರಾತುಗಳು ನಿಂತಿಲ್ಲ. ಅದನ್ನೋದಿ ವೈದ್ಯನ ಮದ್ದನ್ನು ಬಿಟ್ಟ ಗೃಹಸ್ಥನು ತಿಂಗಳೊಪ್ಪತ್ತಿನಲ್ಲಿ ಕಣ್ಣನ್ನೋ ಪ್ರಾಣವನ್ನೋ ಪಣಕ್ಕೊಡ್ಡುತ್ತಾನೆ. ಸರಕಾರವು ಈ ಶಾಸನವನ್ನು ದಾಕ್ಷಿಣ್ಯವಿಲ್ಲದೆ ನಡೆಸಬೇಕು; ಮೂಲಿಕೆಗಳ ಪರೀಕ್ಷೆಗೆ ಧನವನ್ನು ಒದಗಿಸಿ, ಗೆದ್ದುದನ್ನೂ ಸೋತುದನ್ನೂ ಸಮವಾಗಿ ಪ್ರಕಟಿಸಬೇಕು. ವಾಚಕ ಮಹಾಶಯರಾದರೂ ತಾವು ಸೇವಿಸುವ ಚೂರ್ಣ ಸಾರಗಳನ್ನು ವೈದ್ಯನಿಂದ ಮುಚ್ಚಿಡಬಾರದು. ಅಪ್ಪಟ ಚಿನ್ನವುಳ್ಳವನು ಚಿನಿವಾರನ ಒರೆಗಲ್ಲಿಗೆ ಅಂಜುವುದಿಲ್ಲ.