‘ಸರಸ್ವತಿ’ಯ ಸಂಪಾದಕಿ ಮತ್ತು ಕುಷ್ಟಗಿಯ ಮೇಜು

ಸೇವೆಯಲ್ಲಿದ್ದಾಗ ಕುಷ್ಟಗಿ ತಾಲ್ಲೂಕಿನ ಗ್ರಂಥಾಲಯವೊಂದರ ತಪಾಸಣೆಗೆ ಹೋಗಿದ್ದೆ. ಪತ್ರಿಕೆಗಳ ಮೇಜಿನ ಸುತ್ತ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಕಾರಣ ಕೇಳಿದೆ. ‘ಮನೀ ಕೆಲ್ಸ ಯಾರ್ ಮಾಡ್ಬೇಕ್ರೀ ಸಾಹೇಬ್ರ?’ ಎಂದರು ಮೇಲ್ವಿಚಾರಕರು. ಆಗ ಆರ್. ಕಲ್ಯಾಣಮ್ಮನವರು ನೆನಪಾದರು.

ಬಾಲ್ಯದಲ್ಲೇ ವೈಧವ್ಯಕ್ಕೆ ಗುರಿಯಾದ ಅವರು ಬೆಂಗಳೂರಿನಲ್ಲಿ 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ 42 ವರ್ಷ ನಡೆಸಿದರು. ಅವರಿಗೂ ಮುನ್ನ ನಂಜನಗೂಡು ತಿರುಮಲಾಂಬ ಅವರು ಹೊರತಂದ ‘ಕರ್ನಾಟಕ ನಂದಿನಿ’ ಬಹುಕಾಲ ಬಾಳಲಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ‘ಸರಸ್ವತಿ’ಯ ಬಾಳಿಕೆಯೇ ಬೆರಗು. ಪತ್ರಿಕೆ ಯಾರಿಗಾಗಿಯೋ ಅವರ ಕೈಯಲ್ಲಿ ಹಣವಿಲ್ಲ. ಚಂದಾ ಕೊಡಬೇಕಾದವನು ಗಂಡ, ಇಲ್ಲವೇ ತಂದೆ! ಇದರ ನಡುವೆಯೇ 1938ರಲ್ಲಿ ಅವರು ಮಕ್ಕಳ ಕೂಟವನ್ನೂ ಕಟ್ಟಿದರು.

ನಮ್ಮ ಸೀಮೆಯ ಸ್ಥಿತಿ ಬೇರೆ. ಆಗ ಗಂಗಾವತಿ, ಕುಷ್ಟಗಿ ನಿಜಾಮರ ಆಡಳಿತದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದವು. ಕಚೇರಿಯ ಭಾಷೆ ಉರ್ದು. 1956ರಲ್ಲಿ ಏಕೀಕರಣವಾದಾಗ ‘ಸರಸ್ವತಿ’ ಇನ್ನೂ ಹೊರಬರುತ್ತಿತ್ತು. ಆದರೆ ಇಲ್ಲಿ ಅದನ್ನು ಓದಬಲ್ಲ ಹೆಣ್ಣುಮಕ್ಕಳು ಎಷ್ಟಿದ್ದಾರು? 2001ರ ಜನಗಣತಿಯಲ್ಲೂ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 40ರ ಆಸುಪಾಸಿನಲ್ಲಿತ್ತು. 2011ರಲ್ಲಿ ಶೇ 57ನ್ನು ದಾಟಿತು. ಅಕ್ಷರ ಬಂದಿದೆ, ಓದಲು ಬಿಡುವು, ಕೂರಲು ಜಾಗ ಬಂದಿವೆಯೇ ಎಂಬುದನ್ನು ಗಣತಿ ಕೇಳುವುದಿಲ್ಲ.

ಮಧ್ಯಾಹ್ನದ ಎರಡು ತಾಸು ಆ ಮೇಜನ್ನು ಹೆಣ್ಣುಮಕ್ಕಳಿಗೆ ಮೀಸಲಿಡುವಂತೆ ಅಂದು ತಪಾಸಣಾ ಪುಸ್ತಕದಲ್ಲಿ ಬರೆದೆ. ಅಷ್ಟರಲ್ಲಿ ನನಗೆ ವರ್ಗವಾಯಿತು. ಮತ್ತೆ ಹೋಗಿ ನೋಡಲಿಲ್ಲ. ಆ ಲೋಪ ನನ್ನದೇ.