ವಾಲಿದ ಕೊಟ್ಟಿಗೆಗೆ ಮೊದಲು ಬೇಕಿರುವುದು ಹಗ್ಗವಲ್ಲ

ಈ ಸಲ ಊರಿಗೆ ಹೋದಾಗ ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ಸೌದೆ ಕೊಟ್ಟಿಗೆಯೋ, ಗೊಬ್ಬರದ ಚೀಲ ಇಡುವ ಮರದ ಶೆಡ್ಡೋ ಇದ್ದರೆ ಅದು ನೆಟ್ಟಗೆ ನಿಂತಿದೆಯಾ? ದಿನಾ ನೋಡುವವರ ಕಣ್ಣಿಗೆ ವಾಲಿದ್ದು ಗೊತ್ತಾಗುವುದಿಲ್ಲ. ವರ್ಷಕ್ಕೆ ಎರಡು ಸಲ ಹೋಗುವ ನಮ್ಮಂಥವರಿಗೇ ಅದು ಬೇಗ ಕಾಣೋದು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಸೌದೆ ಕೊಟ್ಟಿಗೆ ಹತ್ತಡಿ ಉದ್ದ, ಹತ್ತಡಿ ಅಗಲ. ನಾಲ್ಕು ಮೂಲೆಗೆ ಮರದ ಕಂಬ, ಸುತ್ತ ಅಡ್ಡ ಹಲಗೆ, ಮೇಲೆ ಮಂಗಳೂರು ಹಂಚು. ಬಚ್ಚಲ ಒಲೆಗೆ ಸೌದೆ ತರಲು ಅಮ್ಮ ದಿನಕ್ಕೆ ಎರಡು ಸಲ ಅದರೊಳಗೆ ಹೋಗುತ್ತಾಳೆ. ಮೇ ತಿಂಗಳಲ್ಲಿ ಹೋದಾಗ ಕಂಬದ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೆ. ಏಳಡಿ ಕಂಬ ಆರು ಇಂಚು ಓರೆಯಾಗಿತ್ತು, ಅಂದರೆ ಸುಮಾರು 4 ಡಿಗ್ರಿ. ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಮಳೆಗಾಲದ ಗಾಳಿ ಬರುವುದು ನೈರುತ್ಯದಿಂದ, ಕೊಟ್ಟಿಗೆ ವಾಲಿದ್ದು ಈಶಾನ್ಯದ ಕಡೆಗೆ. ಮಳೆ ಹಿಡಿಯಲು ಮೂರ್ನಾಲ್ಕು ವಾರ ಮಾತ್ರ ಇತ್ತು.

ಕೆಡವಿ ಕಬ್ಬಿಣದ ಪೈಪು, ತಗಡು ಹಾಕಿ ಅಂತ ಪೇಟೆಯ ಕಾಂಟ್ರಾಕ್ಟರ್ ಹೇಳಿದರು. "ಇನ್ನೊಂದು ಊರೆಗೋಲು ಕೊಟ್ರೆ ಈ ಮಳೆಗಾಲ ಕಳೀತದೆ" ಅಂತ ಅಪ್ಪ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಒಂದೇ ಸಲ ಎಳೆದುಬಿಡೋಣ ಅಂತ ಚಿಕ್ಕಪ್ಪ. ಊರಿನ ಆಚಾರ್ರು ಮಾತ್ರ ಕೊಟ್ಟಿಗೆಗೆ ಒಂದು ಸುತ್ತು ಹಾಕಿ ಹೇಳಿದ್ದು ಇಷ್ಟೇ: "ಎಳೆದ್ರೆ ನಿಲ್ತದೆ ಮಾರಾಯ. ಬಿಟ್ರೆ ಮತ್ತೆ ಮಲಗ್ತದೆ."

ಯಾಕೆ ಅಂತ ತಿಳಿಯಲು ಬೆಂಕಿಪೊಟ್ಟಣದ ಹೊರಕವಚ ಸಾಕು. ಕಡ್ಡಿ ಇರುವ ಒಳಗಿನ ಡಬ್ಬಿ ತೆಗೆದು ಕವಚದ ಒಂದು ಮೂಲೆಯನ್ನು ಒತ್ತಿ. ಚೌಕ ಹಾಗೇ ಓರೆಯಾಗಿ ಮಲಗುತ್ತೆ, ಒಂದು ಬದಿಯೂ ಮುರಿಯುವುದಿಲ್ಲ. ಕಂಬಕ್ಕೆ ಅಡ್ಡ ಹಲಗೆ ಬಡಿದ ಕೊಟ್ಟಿಗೆಯೂ ಇಂಥದ್ದೇ. ಮೊಳೆ ಸಡಿಲವಾದಂತೆ ಪ್ರತಿ ಮೂಲೆಯೂ ಬಾಗಿಲ ತಿರುಗಣಿಯಂತಾಗುತ್ತದೆ. ತ್ರಿಕೋನ ಹಾಗಲ್ಲ, ಒಂದು ಬದಿ ಮುರಿಯದೆ ಅದರ ಆಕಾರ ಕೆಡುವುದಿಲ್ಲ. ನಮ್ಮ ಕೊಟ್ಟಿಗೆಯ ನಾಲ್ಕು ಗೋಡೆಯಲ್ಲಿ ಎಲ್ಲೂ ಓರೆ ಪಟ್ಟಿ ಇರಲಿಲ್ಲ.

ಇನ್ನು ಹಂಚಿನ ಲೆಕ್ಕ. ಸುಮಾರು 200 ಹಂಚು, ಒಂದೊಂದು ಎರಡು ಕೆ.ಜಿ. ಅಂದುಕೊಂಡರೂ 400 ಕೆ.ಜಿ. ನೆಟ್ಟಗಿದ್ದಾಗ ಅಷ್ಟೂ ಭಾರ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಏಳಡಿಗೆ ಆರು ಇಂಚು ವಾಲಿದರೆ ಅದೇ ಭಾರ 28 ಕೆ.ಜಿ.ಯಷ್ಟು ಬಲದಿಂದ ಪಕ್ಕಕ್ಕೆ ತಳ್ಳುತ್ತಿರುತ್ತದೆ, ಹಗಲೂ ರಾತ್ರಿ. ವಾಲಿದಷ್ಟೂ ತಳ್ಳುವಿಕೆ ಹೆಚ್ಚು, ತಳ್ಳಿದಷ್ಟೂ ವಾಲುವುದು ಹೆಚ್ಚು. "ಹತ್ತು ವರ್ಷದಿಂದ ಹೀಗೇ ಇದೆ, ಏನಾಗಿಲ್ಲ" ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಕೆಲಸ ಶುರುವಾಗಿದ್ದು ಬುಡದಿಂದ. ವಾಲಿದ ಬದಿಯ ಎರಡು ಕಂಬಗಳ ಸುತ್ತ ದಿಬ್ಬದ ಮಣ್ಣು ಜಾರಿ ಗೇಣುದ್ದ ತುಂಬಿತ್ತು. ಅದನ್ನು ತೋಡಿ ಸ್ಕ್ರೂಡ್ರೈವರ್ ಚುಚ್ಚಿದರೆ ಎರಡು ಇಂಚು ಒಳಗೆ ಹೋಯಿತು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಒದ್ದೆ ಮಣ್ಣಲ್ಲಿ ಹೂತ ಮರಕ್ಕೆ ಆ ಭಾಗ್ಯ ಎಲ್ಲಿ? ಸೌದೆ ಖಾಲಿ ಮಾಡಿ, ಹಂಚು ಇಳಿಸಿ, ವಾಲಿದ ಬದಿಗೆ ಊರೆ ಕೊಟ್ಟೆವು. ಆಮೇಲೆ ಕಾರಿನ ಜಾಕ್‌ನಿಂದ ಒಂದೊಂದೇ ಕಂಬ ಎತ್ತಿ, ಕೊಳೆತ ಒಂದಡಿ ಕೊಯ್ದು, ಕೆಳಗೆ ಕಲ್ಲು ಕೂರಿಸಿ, ಕಲ್ಲಿಗೂ ಕಂಬಕ್ಕೂ ನಡುವೆ ಕಬ್ಬಿಣದ ಗೂಟ ಹಾಕಿದೆವು. ಕಾಂಕ್ರೀಟಿನಲ್ಲಿ ಕಂಬ ಹೂಳೋಣ ಅಂದವರಿಗೆ ಆಚಾರ್ರು ಒಪ್ಪಲಿಲ್ಲ. ಅಲ್ಲಿ ನೀರು ಬಟ್ಟಲಲ್ಲಿ ನಿಂತಂತೆ ನಿಲ್ಲುತ್ತದೆ.

ಹಗ್ಗ ಬಂದಿದ್ದು ಎರಡನೇ ದಿನ. ಟ್ರ್ಯಾಕ್ಟರ್ ಬೇಡವೆಂದು ಬಾಡಿಗೆಗೆ ತಂದ ಚೈನ್ ಪುಲ್ಲಿಯನ್ನು ನೈರುತ್ಯದಲ್ಲಿದ್ದ ಹಲಸಿನ ಮರದ ಬುಡಕ್ಕೆ ಕಟ್ಟಿದೆವು. (ಅಡಿಕೆ ಮರಕ್ಕೆ ಕಟ್ಟಬೇಡಿ, ಅದರ ಬೇರು ಮೇಲುಮೇಲೇ ಇರೋದು.) ಅರ್ಧರ್ಧ ಇಂಚು ಎಳೆಯುವುದು, ನಿಲ್ಲಿಸುವುದು, ಊರೆ ಬಿಗಿ ಮಾಡುವುದು, ಮತ್ತೆ ಎಳೆಯುವುದು. ಒಳಗೆ ಯಾರೂ ಇರಬಾರದು, ಎಳೆಯುವ ಹಗ್ಗದ ನೇರಕ್ಕೂ ನಿಲ್ಲಬಾರದು. ನೆಟ್ಟಗಾದ ಮೇಲೂ ಅರ್ಧ ಇಂಚು ಜಾಸ್ತಿ ಎಳೆದೆವು, ಬಿಟ್ಟಾಗ ಅಷ್ಟು ಹಿಂದೆ ಬರುತ್ತೆ ಅಂತ.

ಚೈನ್ ಬಿಗಿಯಿದ್ದಾಗಲೇ ಮೂರು ಗೋಡೆಗೆ ಮೂಲೆಯಿಂದ ಮೂಲೆಗೆ ಮತ್ತಿ ಮರದ ಓರೆ ಪಟ್ಟಿ ಇಟ್ಟು, ಎರಡೂ ತುದಿಗೆ ಮೊಳೆ ಬಿಟ್ಟು ಬೋಲ್ಟ್ ಹಾಕಿದೆವು. ಬಾಗಿಲಿರುವ ಗೋಡೆಗೆ ಓರೆ ಪಟ್ಟಿ ಕೊಟ್ಟರೆ ಒಳಗೆ ಹೋಗುವುದು ಹೇಗೆ? ಅಲ್ಲಿ ಮೇಲಿನ ಎರಡು ಮೂಲೆಗೆ ಮಾತ್ರ ಎರಡೆರಡು ಅಡಿಯ ಕೈ. ಚೈನ್ ಸಡಿಲಿಸಿ ಮತ್ತೆ ಕಲ್ಲು ಇಳಿಬಿಟ್ಟು ನೋಡಿದರೆ ವ್ಯತ್ಯಾಸ ಕಾಲು ಇಂಚೂ ಇರಲಿಲ್ಲ. ಆಮೇಲೇ ಹಂಚು ಹೊದಿಸಿದ್ದು. ದಿಬ್ಬದ ಕಡೆ ಒಂದಡಿ ಆಳದ ಚರಂಡಿ ತೋಡಿದ್ದು ಅಪ್ಪ, ಯಾರೂ ಹೇಳದೆ.

ಎಲ್ಲ ಕೊಟ್ಟಿಗೆಗೂ ಇದು ಆಗುತ್ತೆ ಅಂತಲ್ಲ. ನಾಲ್ಕೂ ಕಂಬಕ್ಕೆ ಸೊಂಟದೆತ್ತರ ಗೆದ್ದಲು ಹತ್ತಿದ್ದರೆ ಕಾಂಟ್ರಾಕ್ಟರ್ ಮಾತೇ ಸರಿ.

ನಮ್ಮಲ್ಲಿ ಈಗ ಉಳಿದಿರೋದು ಬಾಗಿಲಿನ ಸಮಸ್ಯೆ. ಚೌಕಟ್ಟು ಓರೆಯಾದಂತೆಲ್ಲ ಅಪ್ಪ ವರ್ಷವರ್ಷ ಬಾಗಿಲನ್ನು ಉಜ್ಜಿ ಉಜ್ಜಿ ಅದಕ್ಕೆ ಹೊಂದಿಸಿದ್ದರು. ಚೌಕಟ್ಟು ನೆಟ್ಟಗಾದ ಮೇಲೆ ಬಾಗಿಲೇ ಓರೆ, ಕೆಳಗಿನ ಮೂಲೆಯಲ್ಲಿ ನಾಲ್ಕು ಬೆರಳಿನ ಸಂದು. ಅದಕ್ಕೆ ಪಟ್ಟಿ ಹೊಡೆಸೋಣ ಅಂದರೆ ಅಮ್ಮ ಬಿಡ್ತಿಲ್ಲ. ಬೆಕ್ಕು ಒಳಗೆ ಹೋಗಿ ಮರಿ ಹಾಕಿದೆಯಂತೆ.